ಕಾನ್ಸುಲೇಟಿನ ಅರ್ಜಿ, ಮಾಲಗಾಂವದ ದಾಖಲೆ: ಹೊರದೇಶದಲ್ಲಿ ಪಾಸ್‌ಪೋರ್ಟ್ ನವೀಕರಣ ಮತ್ತು ಗಡಿಕನ್ನಡಿಗರ ಹೆಸರು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸ ಹಾಗೂ ನಂತರದ ಚರ್ಚೆಯ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

1. ಪ್ರಸ್ತಾವನೆ



ಗಡಿನಾಡು ಅಂದ ಕೂಡಲೇ ನಾವು ಮಹಾಜನ ವರದಿ, ಕನ್ನಡ ಶಾಲೆ, ಬಸ್ಸಿನ ಬೋರ್ಡು ಇವುಗಳ ಬಗ್ಗೆ ಮಾತಾಡ್ತೇವೆ. ಅವೆಲ್ಲ ಮಾತಾಡಬೇಕಾದ ವಿಷಯಗಳೇ. ಆದರೆ ಇವತ್ತು ನಾನು ಆರಿಸಿಕೊಂಡಿರೋದು ಒಂದು ಸಣ್ಣ ಪುಸ್ತಿಕೆ, ಪಾಸ್‌ಪೋರ್ಟ್. ಅದರಲ್ಲೂ ಹೊರದೇಶದಲ್ಲಿ ಇದ್ದುಕೊಂಡು ಅದನ್ನು ನವೀಕರಿಸಿಕೊಳ್ಳುವ ಪ್ರಸಂಗ. ಉದಾಹರಣೆಯ ಊರಾಗಿ ಸಾಂಗ್ಲಿ ಜಿಲ್ಲೆ ಮೀರಜ ತಾಲೂಕಿನ ಮಾಲಗಾಂವವನ್ನು ಇಟ್ಕೊಂಡಿದ್ದೇನೆ. ಮನೆಯಲ್ಲಿ ಕನ್ನಡ, ಪಂಚಾಯಿತಿಯಲ್ಲಿ ಮರಾಠಿ, ಕೆಲಸದಲ್ಲಿ ಇಂಗ್ಲಿಷ್, ಹೀಗೆ ಮೂರು ಭಾಷೆಗಳ ನಡುವೆ ಬದುಕುವ ಕುಟುಂಬಗಳು ಈ ಭಾಗದಲ್ಲಿವೆ. ಅಂಥ ಮನೆಯ ಮಗನೋ ಮಗಳೋ ದುಬೈಗೋ ಹ್ಯೂಸ್ಟನ್‌ಗೋ ಹೋದಾಗ, ಹತ್ತು ವರ್ಷಕ್ಕೊಮ್ಮೆ ಈ ಪ್ರಸಂಗ ಬಂದೇ ಬರ್ತದೆ.

ನನ್ನ ವಾದ ಸರಳವಾದದ್ದು. ಪಾಸ್‌ಪೋರ್ಟ್ ನವೀಕರಣ ಕಾನ್ಸುಲೇಟಿನಲ್ಲಿ ನಡೀತದೆ ಅಂತ ನಾವು ತಿಳ್ಕೊಂಡಿದ್ದೇವೆ. ಆದರೆ ನಿಮ್ಮ ಹೆಸರು ಏನು, ನೀವು ಯಾವಾಗ ಹುಟ್ಟಿದಿರಿ, ಎಲ್ಲಿ ಹುಟ್ಟಿದಿರಿ ಎಂಬುದನ್ನು ತೀರ್ಮಾನ ಮಾಡುವ ಕೆಲಸ ಕಾನ್ಸುಲೇಟಿನದಲ್ಲ. ಅದು ಆಗಲೇ ಊರಿನಲ್ಲಿ, ಜನನ ನೋಂದಣಿ ಪುಸ್ತಕದಲ್ಲಿ ಮತ್ತು ಶಾಲೆಯ ದಾಖಲಾತಿಯಲ್ಲಿ ಆಗಿಹೋಗಿರ್ತದೆ. ಕಾನ್ಸುಲೇಟು ಅದನ್ನು ಓದಿ ನಕಲು ಮಾಡ್ತದೆ, ಅಷ್ಟೆ. ಹಾಗಾಗಿ ಅರ್ಜಿ ಎಲ್ಲೇ ಸಲ್ಲಿಕೆಯಾಗಲಿ, ತೊಡಕು ಹುಟ್ಟುವುದು ಊರಿನಲ್ಲಿ, ಬಿಡಿಸಬೇಕಾದದ್ದೂ ಬಹುಪಾಲು ಊರಿನಲ್ಲೇ.

2. ‘ನವೀಕರಣ’ ಎಂಬ ಪದ ಮತ್ತು ಅದರ ಹಿಂದಿನ ಕಾನೂನು

ಮೊದಲು ಪದದ ವಿಷಯ. ನಾವು ಬಳಕೆಯಲ್ಲಿ ‘ನವೀಕರಣ’ ಅಂತೇವೆ, ‘ರಿನ್ಯೂವಲ್’ ಅಂತೇವೆ. ಹಿಂದೆ ಕೈಬರಹದ ಪಾಸ್‌ಪೋರ್ಟ್ ಇದ್ದ ಕಾಲದಲ್ಲಿ ಅದು ನಿಜಕ್ಕೂ ನವೀಕರಣವೇ ಆಗಿತ್ತು. ಪುಸ್ತಿಕೆಯಲ್ಲಿ ಅದಕ್ಕೆಂದೇ ಜಾಗ ಇರ್ತಿತ್ತು, ಮೊಹರು ಹೊಡೆದು ಅವಧಿ ಮುಂದಕ್ಕೆ ಹಾಕ್ತಿದ್ದರು. ಈಗ ಹಾಗಿಲ್ಲ. ಈಗಿನದು ‘ರೀಇಶ್ಯೂ’, ಅಂದ್ರೆ ಮರುವಿತರಣೆ. ಹೊಸ ಪುಸ್ತಿಕೆ, ಹೊಸ ಸಂಖ್ಯೆ, ಹೊಸ ಫೋಟೊ. ಹಳೆಯದನ್ನು ರದ್ದು ಮಾಡಿ ವಾಪಸ್ ಕೊಡ್ತಾರೆ. ಅದರಲ್ಲಿ ಅವಧಿ ಮುಗಿಯದ ವೀಸಾ ಇದ್ದರೆ ಹಳೆ ಪುಸ್ತಿಕೆಯನ್ನೂ ಜೊತೆಗಿಟ್ಕೊಂಡು ಓಡಾಡಬೇಕಾಗ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ? ಮೊಹರು ಹೊಡೆಯುವಾಗ ಹೆಸರನ್ನು ಯಾರೂ ಮತ್ತೆ ಕೇಳ್ತಿರಲಿಲ್ಲ. ಮರುವಿತರಣೆಯಲ್ಲಿ ಇಡೀ ಅರ್ಜಿಯನ್ನು ಹೊಸದಾಗಿ ತುಂಬಬೇಕು. ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ಊರು, ಎಲ್ಲವನ್ನೂ ಮತ್ತೊಮ್ಮೆ ಬರೀಬೇಕು. ಹತ್ತು ವರ್ಷದ ಹಿಂದೆ ಯಾರೋ ಏಜೆಂಟು ಹೇಗೋ ತುಂಬಿದ್ದು ಈಗ ನಿಮ್ಮ ಕಣ್ಣಮುಂದೆ ಬರ್ತದೆ.

ಕಾನೂನಿನ ಇತಿಹಾಸವನ್ನು ಚುಟುಕಾಗಿ ಹೇಳ್ತೀನಿ. 1967ರ ತನಕ ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ಆ ವರ್ಷದ ಏಪ್ರಿಲಿನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶ ಪ್ರಯಾಣದ ಹಕ್ಕು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೆ ಬರ್ತದೆ ಅಂತ ಹೇಳಿತು. ಅದರ ಬೆನ್ನಿಗೇ 1967ರ ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರ ಮೇನಕಾ ಗಾಂಧಿ ತೀರ್ಪು ಇನ್ನೂ ಮುಂದೆ ಹೋಗಿ, ಪಾಸ್‌ಪೋರ್ಟಿಗೆ ಸಂಬಂಧಿಸಿದ ಕ್ರಮ ನ್ಯಾಯಯುತವಾಗಿರಬೇಕು, ಮನಸ್ಸಿಗೆ ಬಂದಂತೆ ಇರಬಾರದು ಅಂದಿತು. ಕಾಯ್ದೆಯ 5ನೇ ಕಲಮಿನ ಪ್ರಕಾರ ಅರ್ಜಿ ನಿರಾಕರಿಸಿದರೆ ಅಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಕೇಳಿದರೆ ಅದರ ಪ್ರತಿ ಕೊಡಬೇಕು. ವಿಶೇಷ ಸಂದರ್ಭಗಳನ್ನು ಬಿಟ್ಟರೆ ಇದು ನಿಯಮ. 11ನೇ ಕಲಮಿನಲ್ಲಿ ಮೇಲ್ಮನವಿಗೆ ದಾರಿ ಇದೆ. ಈ ಹಕ್ಕು ಹ್ಯೂಸ್ಟನ್‌ನಲ್ಲಿ ಇದ್ದವರಿಗೂ ಇದೆ, ಮಾಲಗಾಂವದಲ್ಲಿ ಇದ್ದವರಿಗೂ ಇದೆ. ಅದೇ ಕಾಯ್ದೆಯ 17ನೇ ಕಲಮು ಹೇಳೋದು: ಪುಸ್ತಿಕೆ ಮಾತ್ರ ಯಾವತ್ತೂ ಕೇಂದ್ರ ಸರ್ಕಾರದ ಸ್ವತ್ತು. ಕೊಲ್ಲಿ ದೇಶಗಳಲ್ಲಿ ಮಾಲೀಕರು ಕೆಲಸಗಾರರ ಪಾಸ್‌ಪೋರ್ಟ್ ಕಿತ್ತಿಟ್ಕೊಳ್ಳುವ ರೂಢಿಯ ಬಗ್ಗೆ ಯೋಚಿಸುವಾಗ ಈ ಕಲಮನ್ನು ನೆನಪಿಡಬೇಕು.

3. ಅರ್ಜಿ ಸಾಗುವ ದಾರಿ

ಈಗ ಕೆಲಸ ಹೇಗೆ ನಡೀತದೆ ಅಂತ ನೋಡೋಣ.

ಮೊದಲನೆಯದು ವ್ಯಾಪ್ತಿ. ನೀವು ವಾಸ ಮಾಡುವ ಜಾಗ ಯಾವ ಕಚೇರಿಗೆ ಸೇರ್ತದೋ ಅಲ್ಲೇ ಅರ್ಜಿ. ಟೆಕ್ಸಸ್‌ನವರಿಗೆ ಹ್ಯೂಸ್ಟನ್, ಇಲಿನಾಯ್‌ನವರಿಗೆ ಶಿಕಾಗೊ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅಬುಧಾಬಿಯವರಿಗೆ ರಾಯಭಾರ ಕಚೇರಿ, ದುಬೈ, ಶಾರ್ಜಾ ಮತ್ತು ಉತ್ತರದ ಎಮಿರೇಟುಗಳವರಿಗೆ ದುಬೈನ ಕಾನ್ಸುಲೇಟು. ಎರಡನೆಯದು, ಅರ್ಜಿ ಮತ್ತು ಕಾಗದಗಳನ್ನು ತಗೊಳ್ಳೋದು ಈಗ ಬಹಳ ಕಡೆ ಕಾನ್ಸುಲೇಟಿನ ನೌಕರರಲ್ಲ, ಗುತ್ತಿಗೆ ಪಡೆದ ಖಾಸಗಿ ಸಂಸ್ಥೆಗಳು. ಅಮೆರಿಕದಲ್ಲಿ ವಿಎಫ್‌ಎಸ್ ಗ್ಲೋಬಲ್, ದುಬೈಯಲ್ಲಿ ಬಿಎಲ್‌ಎಸ್ ಈ ಕೆಲಸ ಮಾಡ್ತಾ ಬಂದಿವೆ. ಇಲ್ಲೊಂದು ಮಾತು ಸ್ಪಷ್ಟವಾಗಿರಬೇಕು. ಕೌಂಟರಿನಲ್ಲಿ ಕೂತವರು ಕಾಗದ ಪೂರ್ತಿ ಇದೆಯೋ ಇಲ್ಲವೋ ನೋಡ್ತಾರೆ, ಶುಲ್ಕ ತಗೋತಾರೆ. ಹೆಸರಿನ ಬಗ್ಗೆ ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. ಅವರೊಂದಿಗೆ ವಾದ ಮಾಡಿ ಪ್ರಯೋಜನವಿಲ್ಲ.

ಮೂರನೆಯದು ದತ್ತಾಂಶ. 2018ರ ಕೊನೆಯಲ್ಲಿ ಲಂಡನ್, ನ್ಯೂಯಾರ್ಕ್ ಮೊದಲಾದ ಕಚೇರಿಗಳಿಂದ ಶುರುವಾಗಿ ವಿದೇಶದ ಕಚೇರಿಗಳನ್ನು ಭಾರತದ ಪಾಸ್‌ಪೋರ್ಟ್ ಸೇವಾ ಜಾಲಕ್ಕೆ ಜೋಡಿಸಲಾಯಿತು. ಈಗ ಹೊರಗಿನ ಅಧಿಕಾರಿ ಮೊದಲ ಪಾಸ್‌ಪೋರ್ಟಿನ ಕಡತವನ್ನು ಜಾಲದಲ್ಲೇ ನೋಡಬಹುದು. ಸಾಂಗ್ಲಿ ಜಿಲ್ಲೆ ಪುಣೆಯ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರೋದ್ರಿಂದ, ಮಾಲಗಾಂವದವರ ಮೊದಲ ಕಡತ ಸಾಮಾನ್ಯವಾಗಿ ಪುಣೆಯದ್ದೇ ಆಗಿರ್ತದೆ. ಹೊಸ ಅರ್ಜಿಗೂ ಆ ಕಡತಕ್ಕೂ ಒಂದಕ್ಷರ ತಾಳೆ ಬೀಳದಿದ್ದರೂ ಕಣ್ಣಿಗೆ ಬೀಳ್ತದೆ.

ಶುಲ್ಕದ ಲೆಕ್ಕ ಹೇಳಬೇಕಂದ್ರೆ, ಅಮೆರಿಕದಲ್ಲಿ ವಯಸ್ಕರ 36 ಪುಟದ ಪುಸ್ತಿಕೆಗೆ 75 ಡಾಲರ್ ಇದ್ದು, ಅದರ ಮೇಲೆ 2 ಡಾಲರ್ ಭಾರತೀಯ ಸಮುದಾಯ ಕಲ್ಯಾಣ ನಿಧಿಗೆ, ಆಮೇಲೆ ಸೇವಾಸಂಸ್ಥೆಯ ಶುಲ್ಕ. ಆ 2 ಡಾಲರನ್ನು ಬಹಳ ಜನ ಗಮನಿಸೋದಿಲ್ಲ. 2009ರಲ್ಲಿ ಶುರುವಾದ ಈ ನಿಧಿಯಿಂದಲೇ ಹೊರದೇಶದಲ್ಲಿ ಕಷ್ಟಕ್ಕೆ ಸಿಕ್ಕವರ ವಾಪಸಾತಿಗೆ, ತೀರಿಕೊಂಡವರ ಪಾರ್ಥಿವ ಶರೀರ ಊರಿಗೆ ಕಳಿಸೋದಕ್ಕೆ ನೆರವು ಕೊಡ್ತಾರೆ. ಅಂದ್ರೆ ಕಾನ್ಸುಲೇಟಿನಲ್ಲಿ ನೀವು ಕಟ್ಟುವ ಹಣದಲ್ಲಿ ಒಂದು ಚೂರು ಇನ್ನೊಬ್ಬ ವಲಸಿಗನಿಗೆ ಹೋಗ್ತದೆ.

4. ಎರಡು ಪೆಟ್ಟಿಗೆ, ಮೂರು ಪದ್ಧತಿ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಅರ್ಜಿಯಲ್ಲಿ ಹೆಸರಿಗೆ ಎರಡೇ ಪೆಟ್ಟಿಗೆ. ಒಂದು ‘ಗಿವನ್ ನೇಮ್’, ಇನ್ನೊಂದು ‘ಸರ್‌ನೇಮ್’. ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೀಬೇಕು.

ಮಾಲಗಾಂವದ ಒಬ್ಬರನ್ನು ಕಲ್ಪಿಸಿಕೊಳ್ಳಿ. ಹೆಸರು ಬಸವರಾಜ, ತಂದೆ ಮಲ್ಲಪ್ಪ, ಅಡ್ಡಹೆಸರು ಪಾಟೀಲ. ಮಹಾರಾಷ್ಟ್ರದ ಪದ್ಧತಿಯಂತೆ ಇವರ ಪೂರ್ತಿ ಹೆಸರು ಬಸವರಾಜ ಮಲ್ಲಪ್ಪ ಪಾಟೀಲ. ಮಹಾರಾಷ್ಟ್ರದ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು ಬಂದು ಪಾಟೀಲ ಬಸವರಾಜ ಮಲ್ಲಪ್ಪ ಅಂತಾಗ್ತದೆ. ಇವರೇ ಗಡಿಯಾಚೆ ಕರ್ನಾಟಕದಲ್ಲಿ ಓದಿದ್ದರೆ ಬಿ. ಎಂ. ಪಾಟೀಲ ಅಂತಲೋ, ಬಸವರಾಜ ಎಂ. ಅಂತಲೋ ಇರಬಹುದಿತ್ತು. ಹಳೆ ಮೈಸೂರಿನ ಕಡೆ ಹೋದರೆ ಅಡ್ಡಹೆಸರೇ ಇಲ್ಲದೆ ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್ ಇರ್ತವೆ. ಹೀಗೆ ಮೂರು ಪದ್ಧತಿ, ಆದರೆ ಪೆಟ್ಟಿಗೆ ಎರಡೇ.

ಇದರಿಂದ ಆಗೋದೇನು? ಮಹಾರಾಷ್ಟ್ರದ ರೂಢಿಯವರು ತಂದೆಯ ಹೆಸರನ್ನು ಗಿವನ್ ನೇಮ್ ಪೆಟ್ಟಿಗೆಗೇ ಸೇರಿಸ್ತಾರೆ. ಹಾಗಾಗಿ ಅಮೆರಿಕದ ಕಡತಗಳಲ್ಲಿ ‘ಬಸವರಾಜ ಮಲ್ಲಪ್ಪ’ ಅನ್ನೋದು ಒಂದೇ ಮೊದಲ ಹೆಸರಾಗ್ತದೆ, ವಿಮಾನದ ಟಿಕೆಟಿನಲ್ಲಿ ಎರಡೂ ಕೂಡಿ ಒಂದೇ ಉದ್ದದ ಪದವಾಗ್ತದೆ. ಇದು ನೋಡೋದಕ್ಕೆ ವಿಚಿತ್ರ ಅನಿಸಿದರೂ ಕೆಲಸಕ್ಕೆ ಅಡ್ಡಿಯಿಲ್ಲ. ನಿಜವಾದ ತೊಂದರೆ ಸರ್‌ನೇಮ್ ಪೆಟ್ಟಿಗೆಯನ್ನು ಖಾಲಿ ಬಿಟ್ಟವರದ್ದು. ಅಮೆರಿಕದ ವೀಸಾದಲ್ಲಿ ಅಂಥವರ ಒಂದೇ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬರ್ತದೆ. ‘ಮೊದಲ ಹೆಸರು ಗೊತ್ತಿಲ್ಲ’ ಅಂತ ಅದರ ಅರ್ಥ. ಚಾಲನಾ ಪರವಾನಗಿ, ಬ್ಯಾಂಕು, ಸಂಬಳದ ಚೀಟಿ ಎಲ್ಲದರಲ್ಲೂ ಆ ಮೂರಕ್ಷರವೇ ನಿಮ್ಮ ಹೆಸರಾಗಿ ಕೂತುಬಿಡ್ತದೆ. ಸಂಯುಕ್ತ ಅರಬ್ ಸಂಸ್ಥಾನವಂತೂ 2022ರ ನವೆಂಬರ್ 21ರಿಂದ ಭೇಟಿ ವೀಸಾದ ಮೇಲೆ ಬರುವವರಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಪ್ರವೇಶ ಇಲ್ಲ ಅಂತ ವಿಮಾನಯಾನ ಸಂಸ್ಥೆಗಳಿಗೆ ತಿಳಿಸಿತು.

ಈ ಎರಡು ಪೆಟ್ಟಿಗೆ ಎಲ್ಲಿಂದ ಬಂತು? ಪುಸ್ತಿಕೆಯ ಮಾಹಿತಿ ಪುಟದ ಕೆಳಗೆ ಎರಡು ಸಾಲು ಇರ್ತವಲ್ಲ, ಯಂತ್ರ ಓದುವ ಸಾಲು, ಅಲ್ಲಿಂದ. ಒಂದೊಂದು ಸಾಲಿಗೆ 44 ಅಕ್ಷರ. ಮೊದಲ ಸಾಲಿನಲ್ಲಿ ದಾಖಲೆಯ ಬಗೆ ಮತ್ತು ದೇಶದ ಗುರುತಿಗೆ 5 ಹೋದರೆ ಹೆಸರಿಗೆ ಉಳಿಯೋದು 39 ಜಾಗ. ಅದರಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಉಳಿದದ್ದು. ಬಳಸಬಹುದಾದದ್ದು ಇಂಗ್ಲಿಷಿನ 26 ದೊಡ್ಡಕ್ಷರ ಮಾತ್ರ. ಇದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡ. ಇಂಥ ಸಾಲು ಇಲ್ಲದ ಕೈಬರಹದ ಪಾಸ್‌ಪೋರ್ಟುಗಳಿಗೆ 2015ರ ನವೆಂಬರ್ 24 ಕೊನೆಯ ದಿನವಾಗಿತ್ತು. ಅಂದ್ರೆ ಈ ಪುಸ್ತಿಕೆಯಲ್ಲಿ ನಮ್ಮ ಹೆಸರಿಗೆ ಕನ್ನಡ ಲಿಪಿಯೂ ಇಲ್ಲ, ದೇವನಾಗರಿಯೂ ಇಲ್ಲ.

5. ಒಂದು ಹೆಸರು, ಎರಡು ಕಾಗುಣಿತ

ಭಾಷಾವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿದ್ದೀರಿ, ಈ ಭಾಗ ನಿಮಗಾಗಿ. ಗಡಿಯ ಈಚೆ ಆಚೆ ಒಂದೇ ಹೆಸರನ್ನು ಇಂಗ್ಲಿಷಿಗೆ ತರುವ ರೂಢಿಗಳೇ ಬೇರೆ. ಮುಖ್ಯವಾದ ನಾಲ್ಕು ಕಡೆ ಈ ವ್ಯತ್ಯಾಸ ಕಾಣ್ತದೆ.

ಒಂದು, ಕೊನೆಯ ಅಕಾರ. ಕನ್ನಡದಲ್ಲಿ ‘ಮಲ್ಲಿಕಾರ್ಜುನ’ ಅಂತ ಸ್ವರ ಸೇರಿಸಿ ಉಚ್ಚರಿಸ್ತೇವೆ. ದಕ್ಷಿಣ ಕರ್ನಾಟಕದಲ್ಲಿ ಇಂಗ್ಲಿಷಿನಲ್ಲೂ ಕೊನೆಗೆ ‘ಎ’ ಹಾಕ್ತಾರೆ. ಮರಾಠಿ ಉಚ್ಚಾರಣೆಯಲ್ಲಿ ಆ ಸ್ವರ ಲೋಪವಾಗ್ತದೆ, ಹಾಗಾಗಿ ‘ಎನ್’ಗೇ ಮುಗೀತದೆ.

ಎರಡು, ತಕಾರ. ನಮ್ಮಲ್ಲಿ ‘ಟ’ ಮತ್ತು ‘ತ’ ಬೇರೆ ಅಂತ ತೋರಿಸೋಕೆ ತಕಾರಕ್ಕೆ ‘ಟಿಎಚ್’ ಬಳಸ್ತೇವೆ. ಮಹಾರಾಷ್ಟ್ರದಲ್ಲಿ ಬರೀ ‘ಟಿ’. ಸುನೀತಾ, ಲತಾ, ಸವಿತಾ ಇವರೆಲ್ಲ ಗಡಿ ದಾಟಿದರೆ ಒಂದಕ್ಷರ ಕಳ್ಕೋತಾರೆ, ಇಲ್ಲಾ ಪಡ್ಕೋತಾರೆ.

ಮೂರು, ವಕಾರ. ಬಸವರಾಜನನ್ನು ‘ವಿ’ಯಿಂದಲೂ ಬರೀತಾರೆ, ‘ಡಬ್ಲ್ಯು’ವಿನಿಂದಲೂ ಬರೀತಾರೆ. ನಡುವಿನ ‘ಎ’ ಕೆಲವರಲ್ಲಿ ಇರ್ತದೆ, ಕೆಲವರಲ್ಲಿ ಇಲ್ಲ.

ನಾಲ್ಕು, ಹೆಸರಿನ ಮೊದಲಕ್ಷರವೇ ಬದಲಾಗೋದು. ವೀರಪ್ಪ ಮನೆಯಲ್ಲಿ ಈರಪ್ಪ. ಮರಾಠಿ ದಾಖಲೆಯಲ್ಲಿ ಅದು ಇರಾಪ್ಪಾ. ಇಂಗ್ಲಿಷಿಗೆ ಬಂದಾಗ ‘ವಿ’, ‘ಇ’, ‘ಐ’ ಈ ಮೂರರಲ್ಲಿ ಯಾವುದರಿಂದಲಾದರೂ ಶುರುವಾಗಬಹುದು. ಪಟ್ಟಿಯಲ್ಲಿ ಹುಡುಕಿದರೆ ಈ ಮೂವರು ಒಂದೇ ಮನುಷ್ಯ ಅಂತ ಯಾವ ಯಂತ್ರಕ್ಕೂ ತಿಳಿಯೋದಿಲ್ಲ.

ಊರಿನ ಹೆಸರಿನ ಕಥೆಯೂ ಇದೇ. ಮಾಲಗಾಂವದ ‘ಗಾಂವ’ ಇದೆಯಲ್ಲ, ಆ ಅನುಸ್ವಾರವನ್ನು ಒಬ್ಬರು ‘ಎನ್’ ಮಾಡ್ತಾರೆ, ಒಬ್ಬರು ‘ಎಂ’ ಮಾಡ್ತಾರೆ, ಇನ್ನೊಬ್ಬರು ಬಿಟ್ಟೇಬಿಡ್ತಾರೆ. ಉತ್ತರ ಕನ್ನಡದ ಜಗಲಬೇಟದಲ್ಲಿ ನೆಲೆಸಿದ್ದ ಇಂಗ್ಲಿಷ್ ಕಾದಂಬರಿಕಾರ ಮನೋಹರ ಮಾಳಗಾಂವಕರ ಅವರ ಅಡ್ಡಹೆಸರನ್ನು ಅವರ ಪುಸ್ತಕಗಳ ಮೇಲೆ ನೋಡಿ, ‘ಗಾಂವ’ ಅನ್ನೋದು ಅಲ್ಲಿ ‘ಗೋನ್’ ಆಗಿದೆ. ಅವರ ಮೂಲ ಈ ಮಾಲಗಾಂವ ಅಂತ ನಾನು ಹೇಳ್ತಿಲ್ಲ, ಆ ಹೆಸರಿನ ಊರುಗಳು ಬೇರೆಯೂ ಇವೆ. ಲೇಖಕರಿಗೆ ಅದು ಒಪ್ಪುವ ರೂಪ. ಪಾಸ್‌ಪೋರ್ಟಿನಲ್ಲಿ ಮಾತ್ರ ತಂದೆ ಒಂದು ರೂಪದಲ್ಲಿ, ಮಗ ಇನ್ನೊಂದು ರೂಪದಲ್ಲಿ ಇದ್ದರೆ ಇಬ್ಬರ ಸಂಬಂಧವನ್ನೇ ಕಾಗದದಲ್ಲಿ ಸಾಬೀತು ಮಾಡಬೇಕಾಗ್ತದೆ.

6. ಹುಟ್ಟಿದ ದಿನ, ಹುಟ್ಟಿದ ಜಿಲ್ಲೆ

ಗಡಿ ಭಾಗದ ಹಳೆಯ ತಲೆಮಾರಿನವರ ಶಾಲಾ ದಾಖಲೆ ತೆರೆದರೆ ಜೂನ್ 1ರಂದು ಹುಟ್ಟಿದವರ ಸಂಖ್ಯೆ ನೋಡಿ ನಗು ಬರ್ತದೆ. ಶಾಲೆಗೆ ಸೇರಿಸೋಕೆ ಮಗುವನ್ನು ಕರೆತಂದಾಗ ಮಾಸ್ತರರು ವಯಸ್ಸು ಲೆಕ್ಕ ಹಾಕಿ ಆ ತಾರೀಖು ಬರೀತಿದ್ದರು. ಪಂಚಾಯಿತಿಯ ಪುಸ್ತಕದಲ್ಲಿ ಬೇರೆ ತಾರೀಖು ಇದ್ದರೆ ಆಗ ಶುರುವಾಗ್ತದೆ ಪೇಚಾಟ. ಪಾಸ್‌ಪೋರ್ಟಿನಲ್ಲಿ ಯಾವುದು ಮೊದಲು ಕೂತಿತೋ ಅದೇ ಮುಂದಿನ ಎಲ್ಲ ಪುಸ್ತಿಕೆಗಳಿಗೂ ಆಧಾರ. ಜನ್ಮದಿನಾಂಕದ ಬದಲಾವಣೆಯನ್ನು ಅಧಿಕಾರಿಗಳು ಹೆಸರಿನ ಬದಲಾವಣೆಗಿಂತ ಹೆಚ್ಚು ಬಿಗಿಯಾಗಿ ನೋಡ್ತಾರೆ.

ನಿಯಮವೂ ಕಾಲಕಾಲಕ್ಕೆ ಬದಲಾಗಿದೆ. ಮೊದಲು 1989ರ ಜನವರಿ 26ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಬೇಕಿತ್ತು. 2016ರ ಡಿಸೆಂಬರಿನಲ್ಲಿ ಅದನ್ನು ಸಡಿಲಿಸಿ ಶಾಲಾ ಪ್ರಮಾಣಪತ್ರ, ಪ್ಯಾನ್, ಆಧಾರ್ ಮೊದಲಾದವನ್ನೂ ಒಪ್ಪಿದರು. 2025ರ ಫೆಬ್ರವರಿಯ ತಿದ್ದುಪಡಿಯಿಂದ 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಮತ್ತೆ ಜನನ ಪ್ರಮಾಣಪತ್ರವೊಂದೇ ಆಧಾರ. ಅಂದ್ರೆ ಇವತ್ತು ಊರಿನಲ್ಲಿ ಹುಟ್ಟುವ ಮಗುವಿನ ಹೆಸರನ್ನು ನೋಂದಣಿ ಗುಮಾಸ್ತ ಹೇಗೆ ಬರೀತಾನೋ ಅದೇ ಗಟ್ಟಿ. 1969ರ ಜನನ ಮರಣ ನೋಂದಣಿ ಕಾಯ್ದೆಯಡಿ, ಹೆಸರಿಲ್ಲದೆ ದಾಖಲಾದ ಮಗುವಿನ ಹೆಸರನ್ನು ಆಮೇಲೆ ಸೇರಿಸೋಕೆ 15 ವರ್ಷದ ತನಕ ಅವಕಾಶವಿದೆ. ತಂದೆತಾಯಿ ಇದನ್ನು ಮರೆಯಬಾರದು.

ಇನ್ನು ಜಿಲ್ಲೆಯ ವಿಷಯ. ಮೀರಜದ ಸುತ್ತಲಿನ ಹಳ್ಳಿಗಳು ಸ್ವಾತಂತ್ರ್ಯದ ವೇಳೆಗೆ ಪಟವರ್ಧನ ಸಂಸ್ಥಾನಗಳ ನೆರಳಿನಲ್ಲಿದ್ದವು. ಸಂಸ್ಥಾನಗಳು ವಿಲೀನವಾದ ಮೇಲೆ 1949ರಲ್ಲಿ ‘ದಕ್ಷಿಣ ಸಾತಾರಾ’ ಜಿಲ್ಲೆ ಆಯಿತು. 1960ರಲ್ಲಿ ಅದಕ್ಕೆ ಸಾಂಗ್ಲಿ ಅಂತ ಹೆಸರಾಯಿತು. ರಾಜ್ಯವೂ ಅಷ್ಟೆ, ಮೊದಲು ಮುಂಬಯಿ, 1960ರ ಮೇ 1ರಿಂದ ಮಹಾರಾಷ್ಟ್ರ. 1955ರಲ್ಲಿ ಹುಟ್ಟಿದ ಅಜ್ಜಿಯ ಹಳೆ ದಾಖಲೆಯಲ್ಲಿ ಇವತ್ತಿಲ್ಲದ ಜಿಲ್ಲೆ, ಇವತ್ತಿಲ್ಲದ ರಾಜ್ಯ ಇರಬಹುದು. ಕರ್ನಾಟಕದ ಕಡೆ 2014ರ ನವೆಂಬರ್ 1ರಿಂದ ಬೆಳಗಾವಿ, ವಿಜಯಪುರ, ಹುಬ್ಬಳ್ಳಿಗಳ ಇಂಗ್ಲಿಷ್ ರೂಪ ಬದಲಾಯಿತು. ಮೀರಜ ಭಾಗದ ಎಷ್ಟೋ ಹೆಣ್ಣುಮಕ್ಕಳ ತವರು ಬೆಳಗಾವಿ ಸೀಮೆ. ಅವರ ಹಳೆ ಪುಸ್ತಿಕೆಯಲ್ಲಿ ಒಂದು ರೂಪ, ಹೊಸ ದಾಖಲೆಯಲ್ಲಿ ಇನ್ನೊಂದು ರೂಪ. ಊರು ಒಂದೇ ಅಂತ ನಮಗೆ ಗೊತ್ತು. ಹೊರದೇಶದ ವಲಸೆ ಅಧಿಕಾರಿಗೆ ಗೊತ್ತಿರಬೇಕಾಗಿಲ್ಲ.

7. ಮದುವೆಯಾದ ಹೆಣ್ಣುಮಗಳ ಹೆಸರು

ಎಲ್ಲಕ್ಕಿಂತ ಹೆಚ್ಚು ಭಾರ ಬೀಳೋದು ಹೆಣ್ಣುಮಕ್ಕಳ ಮೇಲೆ. ಮಹಾರಾಷ್ಟ್ರದ ರೂಢಿಯಲ್ಲಿ ಮದುವೆಯಾದ ಮೇಲೆ ನಡುವಿನ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರ್ತದೆ, ಅಡ್ಡಹೆಸರೂ ಬದಲಾಗ್ತದೆ. ಕೆಲವು ಮನೆಗಳಲ್ಲಿ ಮೊದಲ ಹೆಸರನ್ನೂ ಬದಲಾಯಿಸ್ತಿದ್ದರು. ಹೀಗೆ ಪದವಿ ಪ್ರಮಾಣಪತ್ರದ ಹೆಸರಿಗೂ ಪಡಿತರ ಚೀಟಿಯ ಹೆಸರಿಗೂ ಒಂದಕ್ಷರದ ಸಂಬಂಧವೂ ಉಳಿಯದೇ ಹೋಗಬಹುದು.

ಇಲ್ಲಿ ಸ್ಪಷ್ಟವಾಗಿ ಹೇಳಬೇಕಾದ ಮಾತು ಇದು. ಮದುವೆಯಾದ ಕಾರಣಕ್ಕೆ ಹೆಸರು ಬದಲಾಯಿಸಲೇಬೇಕು ಅಂತ ಯಾವ ಕಾನೂನೂ ಹೇಳೋದಿಲ್ಲ. ಹೆಸರನ್ನು ಹಾಗೇ ಇಟ್ಕೊಂಡು ಸಂಗಾತಿಯ ಹೆಸರಿನ ಅಂಕಣದಲ್ಲಿ ಗಂಡನ ಹೆಸರು ಸೇರಿಸಬಹುದು. 2016ರ ಡಿಸೆಂಬರಿನ ಸುಧಾರಣೆಯಲ್ಲಿ ವಿವಾಹ ಪ್ರಮಾಣಪತ್ರದ ಕಡ್ಡಾಯವನ್ನು ಕೈಬಿಟ್ಟರು, ತಂದೆ ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಕೊಟ್ಟರೂ ಸಾಕು ಅಂದರು, ಅನುಬಂಧಗಳನ್ನು 15ರಿಂದ 9ಕ್ಕೆ ಇಳಿಸಿ ಬಿಳಿ ಹಾಳೆಯ ಮೇಲೆ ಸ್ವಯಂಘೋಷಣೆಗೆ ಒಪ್ಪಿದರು. ಒಂಟಿ ತಾಯಂದಿರಿಗೆ, ವಿಚ್ಛೇದಿತರಿಗೆ ಇದು ದೊಡ್ಡ ನೆರವು. ಆದರೂ ಮನೆಯವರು ಒತ್ತಾಯ ಮಾಡಿ, ಏಜೆಂಟರು ಹೂಂ ಅಂದು, ಹೆಸರು ಬದಲಾಯಿಸೋದು ನಿಂತಿಲ್ಲ. ಪದವಿ, ಕೆಲಸದ ಅನುಭವ ಪತ್ರ ಎಲ್ಲ ಹಳೆ ಹೆಸರಿನಲ್ಲಿದ್ದರೆ, ಹೊರದೇಶದಲ್ಲಿ ಆಕೆ ಮತ್ತೆ ಕೆಲಸಕ್ಕೆ ಸೇರಬೇಕಾದಾಗ ಆ ಬೆಲೆ ಗೊತ್ತಾಗ್ತದೆ.

ನಿಜವಾಗಿಯೂ ಹೆಸರು ಬದಲಿಸಬೇಕು ಅನ್ನುವವರಿಗೆ ದಾರಿ ಇದೆ. ಪ್ರಮಾಣಪತ್ರ ಮಾಡಿಸಿ, ಎರಡು ದಿನಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಒಂದು ಈಗಿರುವ ಊರಿನ ಕಡೆಯದು, ಇನ್ನೊಂದು ಕಾಯಂ ವಿಳಾಸದ ಕಡೆಯದು. ಮಹಾರಾಷ್ಟ್ರ ಸರ್ಕಾರದ ರಾಜ್ಯಪತ್ರದಲ್ಲೂ ಹೆಸರು ಬದಲಾವಣೆ ಪ್ರಕಟಿಸುವ ವ್ಯವಸ್ಥೆ ಇದೆ. ಹೊರದೇಶದಲ್ಲಿ ಇದ್ದುಕೊಂಡು ಇಷ್ಟೂ ಮಾಡೋದು ಸುಲಭ ಅಲ್ಲ. ಊರಿಗೆ ಬಂದಾಗ ಮಾಡಿ ಮುಗಿಸೋದು ಒಳ್ಳೇದು.

8. ಪೊಲೀಸ್ ಪರಿಶೀಲನೆ: ಊರಿನವರ ಪಾಲು

ಎಲ್ಲ ಅರ್ಜಿಗೂ ಪೊಲೀಸ್ ಪರಿಶೀಲನೆ ಒಂದೇ ಥರ ಇರೋದಿಲ್ಲ. ಹಳೆ ಕಡತ ಸ್ವಚ್ಛವಾಗಿದ್ದು, ವಿವರ ಏನೂ ಬದಲಾಗದಿದ್ದರೆ ಬಹಳ ಸಲ ಪುಸ್ತಿಕೆ ಬೇಗ ಬರ್ತದೆ. ಅಧಿಕಾರಿಗೆ ಬೇಕೆನಿಸಿದರೆ ಪ್ರಶ್ನೆ ಊರಿನ ವಿಳಾಸಕ್ಕೆ, ಜಿಲ್ಲಾ ಪೊಲೀಸರ ಮೂಲಕ ಆ ಭಾಗದ ಠಾಣೆಗೆ ಹೋಗ್ತದೆ.

ಆಗ ಬಾಗಿಲು ತೆರೆಯೋರು ಯಾರು? ಅರ್ಜಿದಾರ ಸಾವಿರಾರು ಕಿಲೋಮೀಟರ್ ದೂರದಲ್ಲಿ. ಮನೆಯಲ್ಲಿ ವಯಸ್ಸಾದ ತಂದೆತಾಯಿ, ಇಲ್ಲವೇ ಬೀಗ. ಬೀಗ ಇದ್ದರೆ, ನೆರೆಯವರು ‘ಇಲ್ಲಿ ಯಾರೂ ಇರಂಗಿಲ್ರಿ’ ಅಂದುಬಿಟ್ಟರೆ, ವರದಿ ಪ್ರತಿಕೂಲವಾಗಿ ಹೋಗುವ ಸಾಧ್ಯತೆ ಇದೆ. ಜನನ ದಾಖಲೆಯ ಉತಾರೆ ತರೋರು, ಶಾಲೆಯಿಂದ ನಕಲು ಬಿಡಿಸೋರು, ತಾಲೂಕು ಕಚೇರಿಗೆ ಓಡಾಡೋರು ಎಲ್ಲರೂ ಊರಿನವರೇ. ವಲಸೆಯ ಅಧ್ಯಯನದಲ್ಲಿ ನಾವು ಊರಿಗೆ ಬರುವ ಹಣದ ಲೆಕ್ಕ ಇಡ್ತೇವೆ. ಊರಿನಿಂದ ಹೊರದೇಶಕ್ಕೆ ಹೋಗುವ ಈ ಕಾಗದದ ದುಡಿಮೆಯ ಲೆಕ್ಕವನ್ನೂ ಇಡಬೇಕು ಅನ್ನೋದು ನನ್ನ ವಿನಂತಿ. ಅದರಲ್ಲಿ ಹೆಚ್ಚಿನ ಪಾಲು ವಯಸ್ಸಾದವರದ್ದು, ಮನೆಯಲ್ಲಿ ಉಳಿದ ಹೆಣ್ಣುಮಕ್ಕಳದ್ದು.

9. ಅವಧಿಯ ಲೆಕ್ಕ

ವಯಸ್ಕರ ಪಾಸ್‌ಪೋರ್ಟಿನ ಆಯುಷ್ಯ 10 ವರ್ಷ. ಮಕ್ಕಳದ್ದು 5 ವರ್ಷ ಅಥವಾ 18 ತುಂಬುವ ತನಕ, ಯಾವುದು ಮೊದಲೋ ಅದು. ಅವಧಿ ಮುಗಿಯೋದಕ್ಕೆ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಬಹುದು. ಬಹಳ ದೇಶಗಳು ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು ಅಂತ ಕೇಳ್ತವೆ. ಹಾಗಾಗಿ ಪುಸ್ತಿಕೆಯ ಮೇಲೆ ಹತ್ತು ವರ್ಷ ಅಂತಿದ್ದರೂ ಉಪಯೋಗಕ್ಕೆ ಒಂಬತ್ತೂವರೆ ವರ್ಷ ಅಂತಲೇ ಲೆಕ್ಕ ಹಿಡೀಬೇಕು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಎಚ್-1ಬಿ ವೀಸಾದವರು ಅಮೆರಿಕದೊಳಗೆ ಬರುವಾಗ, ಕೆಲಸದ ಅನುಮತಿ ಮೂರು ವರ್ಷ ಇದ್ದರೂ, ಪಾಸ್‌ಪೋರ್ಟ್ ಎಂಟು ತಿಂಗಳಿಗೆ ಮುಗಿಯೋದಿದ್ದರೆ, ವಾಸ್ತವ್ಯದ ದಾಖಲೆಯಾದ ಐ-94ರಲ್ಲಿ ಆ ಎಂಟು ತಿಂಗಳೇ ನಮೂದಾಗುವುದುಂಟು. ಗಮನಿಸದೆ ಇದ್ದರೆ ಕಾನೂನುಬದ್ಧವಾಗಿ ಬಂದ ಮನುಷ್ಯ ತನಗೇ ಗೊತ್ತಿಲ್ಲದೆ ಅವಧಿ ಮೀರಿ ಉಳಿದವನಾಗ್ತಾನೆ. ಕೊಲ್ಲಿಯಲ್ಲಿ ನಿವಾಸ ಪರವಾನಗಿಯ ನವೀಕರಣವೂ ಪಾಸ್‌ಪೋರ್ಟಿನ ಅವಧಿಗೆ ಕಟ್ಟಿಕೊಂಡಿರ್ತದೆ. ಊರಲ್ಲಿ ತಂದೆಗೆ ಹೆಚ್ಚು ಕಡಿಮೆಯಾಗಿ ಮೀರಜದ ಆಸ್ಪತ್ರೆಗೆ ಸೇರಿಸಿದರು ಅಂತ ಫೋನ್ ಬಂದಾಗ ಪುಸ್ತಿಕೆ ಕಾನ್ಸುಲೇಟಿನಲ್ಲಿ ಸಿಕ್ಕಿಕೊಂಡಿದ್ದರೆ ಉಳಿಯೋದು ತತ್ಕಾಲ್ ಅರ್ಜಿ, ಇಲ್ಲವೇ ‘ಎಮರ್ಜೆನ್ಸಿ ಸರ್ಟಿಫಿಕೇಟ್’. ಆ ಸರ್ಟಿಫಿಕೇಟ್ ಭಾರತಕ್ಕೆ ಬರೋಕೆ ಮಾತ್ರ ನಡೀತದೆ, ವಾಪಸ್ ಹೋಗೋಕೆ ಅಲ್ಲ.

10. ಚರ್ಚೆ

ಪ್ರಶ್ನೆ: ಆಧಾರ್‌ನಲ್ಲಿ ಹೆಸರು ಸರಿಮಾಡಿಸಿದರೆ ಸಾಕಲ್ಲವೇ?

ಉತ್ತರ: ಸಹಾಯ ಆಗ್ತದೆ, ಆದರೆ ಅದು ಬೇರು ಅಲ್ಲ. ಆಧಾರ್ ಗುರುತು ಮತ್ತು ವಿಳಾಸಕ್ಕೆ ಉಪಯೋಗ, ಪೌರತ್ವಕ್ಕೆ ಪುರಾವೆ ಅಲ್ಲ. ಜನನ ದಾಖಲೆ, ಹತ್ತನೇ ತರಗತಿಯ ಪ್ರಮಾಣಪತ್ರ, ಈಗಿನ ಪಾಸ್‌ಪೋರ್ಟ್, ಈ ಮೂರು ಒಂದಕ್ಕೊಂದು ಹೊಂದಿದರೆ ಉಳಿದದ್ದನ್ನು ಅದಕ್ಕೆ ತಕ್ಕಂತೆ ತಿದ್ದಿಸಿಕೊಳ್ಳಬಹುದು.

ಪ್ರಶ್ನೆ: ಊರಲ್ಲಿ ಹೊಲದ ಬದುವಿನ ಜಗಳದಲ್ಲಿ ಎಫ್‌ಐಆರ್ ಆಗಿದೆ. ಹೊರಗಿರುವ ಅಣ್ಣನ ಹೆಸರೂ ಸೇರಿಸಿದ್ದಾರೆ. ನವೀಕರಣ ನಿಲ್ತದೆಯೇ?

ಉತ್ತರ: ಕಾಯ್ದೆಯ 6ನೇ ಕಲಮು ಹೇಳೋದು ನ್ಯಾಯಾಲಯದಲ್ಲಿ ಬಾಕಿ ಇರುವ ಕ್ರಿಮಿನಲ್ ಮೊಕದ್ದಮೆಯ ಬಗ್ಗೆ. ಬರೀ ಎಫ್‌ಐಆರ್ ದಾಖಲಾದದ್ದು ಅದರಡಿ ಬರೋದಿಲ್ಲ ಅಂತ ವಿದೇಶಾಂಗ ಸಚಿವಾಲಯ 2019ರ ಅಕ್ಟೋಬರಿನ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ತಗೊಂಡಿದ್ದರೆ, 1993ರ ಆಗಸ್ಟಿನ ಅಧಿಸೂಚನೆಯಂತೆ ಆ ನ್ಯಾಯಾಲಯದ ಅನುಮತಿ ಪಡೆದು ಪಾಸ್‌ಪೋರ್ಟ್ ಪಡೀಬಹುದು. ಆದರೆ ಅರ್ಜಿಯಲ್ಲಿ ಮುಚ್ಚಿಡಬಾರದು. ಮುಚ್ಚಿಟ್ಟರೆ 12ನೇ ಕಲಮಿನಡಿ ಅದೇ ಒಂದು ಅಪರಾಧ.

ಪ್ರಶ್ನೆ: ಅಲ್ಲೇ ಹುಟ್ಟಿದ ಮಗುವಿಗೆ?

ಉತ್ತರ: ಕೊಲ್ಲಿ ದೇಶಗಳಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿನ ಪೌರತ್ವ ಸಿಗೋದಿಲ್ಲ. ಪೌರತ್ವ ಕಾಯ್ದೆಯ 4ನೇ ಕಲಮಿನ ಪ್ರಕಾರ ಒಂದು ವರ್ಷದೊಳಗೆ ಭಾರತೀಯ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಘೋಷಣೆ ಕೊಡಬೇಕು. ಮಗುವಿನ ಹೆಸರಿನ ಇಂಗ್ಲಿಷ್ ರೂಪವನ್ನು ಆ ದಿನವೇ ಯೋಚಿಸಿ ಬರೀರಿ.

ಪ್ರಶ್ನೆ: ಊರಲ್ಲಿರುವ ತಂದೆತಾಯಿ ಪುಣೆಗೇ ಹೋಗಬೇಕೇ?

ಉತ್ತರ: ಬೇಕಿಲ್ಲ. 2018ರ ಜೂನಿನಿಂದ ದೇಶದ ಯಾವ ಕಚೇರಿಯಲ್ಲಾದರೂ ಅರ್ಜಿ ಹಾಕಬಹುದು. ಪೊಲೀಸ್ ಪರಿಶೀಲನೆ ಮಾತ್ರ ಅರ್ಜಿಯಲ್ಲಿ ಬರೆದ ವಿಳಾಸಕ್ಕೇ ಬರ್ತದೆ. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಕೆಲಸ 2017ರ ಜನವರಿಯಲ್ಲಿ ಮೈಸೂರು ಮತ್ತು ದಾಹೋದ್‌ನಿಂದ ಶುರುವಾಯಿತು. ಗಡಿಯವರಿಗೆ ಬೆಳಗಾವಿಯ ದಾರಿಯೂ ತೆರೆದಿದೆ.

ಪ್ರಶ್ನೆ: ಮರಾಠಿ ರೂಪದ ಕಾಗುಣಿತವನ್ನು ನವೀಕರಣದಲ್ಲಿ ಕನ್ನಡ ರೂಪಕ್ಕೆ ತರೋದು ನಮ್ಮ ಅಸ್ಮಿತೆಯ ಪ್ರಶ್ನೆ ಅಲ್ಲವೇ?

ಉತ್ತರ: ನನಗೂ ಅರ್ಥ ಆಗ್ತದೆ. ಆದರೆ ಪದವಿ, ವೀಸಾ, ಬ್ಯಾಂಕು, ಮಕ್ಕಳ ಜನನ ದಾಖಲೆ ಎಲ್ಲದರಲ್ಲೂ ಒಂದೇ ರೂಪ ಇದ್ದರೆ, ಒಂದು ‘ಎ’ಗಾಗಿ ಅದನ್ನು ಕದಡಬೇಡಿ ಅಂತಲೇ ನಾನು ಹೇಳೋದು. ಆ 26 ಅಕ್ಷರಗಳಲ್ಲಿ ಮರಾಠಿಯೂ ಪೂರ್ತಿ ಇಲ್ಲ, ಕನ್ನಡವೂ ಪೂರ್ತಿ ಇಲ್ಲ. ಹೆಸರು ಇನ್ನೂ ಕಾಗದಕ್ಕೆ ಬರದ ಮಗುವಿನ ವಿಷಯದಲ್ಲಿ ಮಾತ್ರ ಆಯ್ಕೆ ನಿಮ್ಮ ಕೈಯಲ್ಲಿದೆ. ನಮ್ಮ ಒತ್ತಾಯ ಇರಬೇಕಾದದ್ದು ಅಲ್ಲಿ. ಗಡಿಭಾಗದ ನೋಂದಣಿ ಕಚೇರಿಗಳಲ್ಲಿ ತಂದೆತಾಯಿ ಹೇಳಿದ ಹಾಗೆ ಹೆಸರು ಬರೆದುಕೊಳ್ಳುವ, ಬರೆದದ್ದನ್ನು ಅವರಿಗೆ ಓದಿ ತೋರಿಸುವ ಪದ್ಧತಿ ಬರಬೇಕು.

11. ಸಮಾರೋಪ

ವಿದ್ಯಾರ್ಥಿ ಮಿತ್ರರಲ್ಲಿ ಹಲವರು ಮುಂದೆ ಹೊರಗೆ ಹೋಗುವವರೇ. ನಿಮಗಾಗಿ ಮೂರು ಕೆಲಸ ಹೇಳಿ ಮುಗಿಸ್ತೀನಿ. ಒಂದು, ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಜನನ ದಾಖಲೆ, ಶಾಲಾ ದಾಖಲೆ, ತಂದೆತಾಯಿಯ ಪಾಸ್‌ಪೋರ್ಟ್ ಅಥವಾ ಆಧಾರ್ ಒಟ್ಟಿಗೆ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಎರಡು, ವ್ಯತ್ಯಾಸ ಸಿಕ್ಕರೆ ಹೊರಡುವ ಮುಂಚೆ ಊರಿನಲ್ಲೇ ತಿದ್ದಿಸಿ, ತಿದ್ದಿದ ಪ್ರತಿಯ ಸ್ಕ್ಯಾನ್ ಇಟ್ಕೊಳ್ರಿ. ಮೂರು, ಊರಿನ ವಿಳಾಸ ಕೊಟ್ಟಿದ್ದರೆ ಪೊಲೀಸರು ಬರಬಹುದು ಅಂತ ಮನೆಯವರಿಗೂ ಪಕ್ಕದ ಮನೆಯವರಿಗೂ ಮೊದಲೇ ಹೇಳಿಡಿ. ಇಷ್ಟು ಆಗಿದ್ದರೆ ಕಾನ್ಸುಲೇಟಿನ ಕೆಲಸ ಬಹುಮಟ್ಟಿಗೆ ಫೋಟೊ ಕೊಟ್ಟು ಶುಲ್ಕ ಕಟ್ಟುವಷ್ಟೇ.